ಗಾಜಿನ ಪೆಟ್ಟಿಗೆಯ ಮೋಡವೂ ಪಿಂಜಾರರ ಹತ್ತಿಯೂ

ಮೋಡವೆಂದರೆ ಮಳೆ ಬರುವುದೋ ಇಲ್ಲವೋ ಎಂದಷ್ಟೇ ಕೇಳುವ ನಮ್ಮ ಸೀಮೆಯಲ್ಲಿ, ಅದರ ಹನಿ ದುಂಡಗಿದೆಯೋ ಇಲ್ಲವೋ ಎಂದು ಇಪ್ಪತ್ತು ವರ್ಷ ಕೇಳುತ್ತ ಬಂದ ಭೌತಶಾಸ್ತ್ರಜ್ಞರು ಪೂಜ್ಯ ಶಿವಮೂರ್ತಪ್ಪನವರು. ಹರಿಹರದಿಂದ ದಿನವೂ ರೈಲಿನಲ್ಲಿ ಬಂದು ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ಪಾಠ ಹೇಳಿ, ಈ ವರ್ಷ, ೧೯೮೮ರಲ್ಲಿ, ನಿವೃತ್ತರಾಗುತ್ತಿರುವ ಗುರುಗಳು ಮೋಡದ ಮೋಡಿಗೆ ಸಿಕ್ಕವರು. ನಾನೋ ಅವರ ದನಿಯ ಮೋಡಿಗೆ ಸಿಕ್ಕು, ಅವರಿಲ್ಲದಾಗ ತರಗತಿಯಲ್ಲಿ ಅವರಂತೆಯೇ ಕೆಮ್ಮಿ ಹಾಜರಿ ಕರೆದವನು. ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅವರು, ಕೆಮ್ಮು ಇನ್ನಷ್ಟು ದಪ್ಪವಾಗಬೇಕೆಂದು ತಿದ್ದಿ, ಮರುದಿನದಿಂದ ಪ್ರಯೋಗಾಲಯಕ್ಕೆ ಬರಹೇಳಿದರು.

೧೯೮೨ರ ಏಪ್ರಿಲ್. ಗುರುಗಳು ಒಂಬತ್ತು ವರ್ಷ ದುಡಿದ ಪಿಎಚ್.ಡಿ. ಪ್ರಬಂಧಕ್ಕೆ ಅದೇ ಕೊನೆಯ ಗಡುವು. ಬೆಂಗಳೂರಿನಿಂದ ಎರವಲು ತಂದ ಲೇಸರ್ ಸೋಮವಾರ ಹಿಂದಿರುಗಬೇಕು. ಗಾಜಿನ ಪೆಟ್ಟಿಗೆಯಲ್ಲಿ ಮಂಜು ಹುಟ್ಟಿಸಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಧ್ರುವೀಕೃತ ಬೆಳಕನ್ನು ಅದರ ಮೇಲೆ ಬಿಡುತ್ತಿದ್ದೆವು. ದುಂಡು ಹನಿಗೆ ತಾಕಿ ಮರಳಿದ ಬೆಳಕು ಆ ದಿಕ್ಕು ಬಿಡದು; ಸೊಟ್ಟ ಕಣಕ್ಕೆ ತಾಕಿದರೆ ಬಿಡುತ್ತದೆ. ನಮ್ಮ ಮೀಟರಿನ ಮುಳ್ಳು ವಾರದಿಂದ ಎರಡನೆಯದನ್ನೇ ಹೇಳುತ್ತಿತ್ತು, ದಾವಣಗೆರೆಯ ಬೇಸಿಗೆಯಲ್ಲಿ ಹಿಮದ ಹರಳು ಹಾರುತ್ತಿವೆ ಎಂಬಂತೆ. ಗುರುಗಳು ಊಟ ಬಿಟ್ಟರು. ಪ್ರಬಂಧವನ್ನೇ ಬಿಡುವ ಮಾತಾಡಿದರು.

ಶನಿವಾರ ಪಿಂಜಾರ ಮಕ್ತುಮ್ ಸಾಬರು ಬಂದರು. ಪೆಟ್ಟಿಗೆಗೆ ಗಾಳಿ ಹೋಗುವ ತೂತಿಗೆ ಧೂಳು ತಡೆಯಲೆಂದು ತುರುಕುತ್ತಿದ್ದ ಆಸ್ಪತ್ರೆಯ ಹತ್ತಿ ಹಿಂದಿನ ವಾರ ಮುಗಿದಾಗ, ಅವರ ಅಂಗಡಿಯಿಂದ ಆಗತಾನೆ ಹಿಂಜಿದ ಹತ್ತಿ ತಂದು ತುರುಕಿದವನು ನಾನೇ, ಗುರುಗಳಿಗೆ ಹೇಳಿರಲಿಲ್ಲ. ಅವರ ಹತ್ತಿಯಿಂದಲೇ ನಾವು ಮೋಡ ಮಾಡುತ್ತೇವೆಂದು ನಾನು ಬಿಟ್ಟ ಬುರುಡೆ ನಂಬಿ ಸಾಬರು ನೋಡಲು ಬಂದಿದ್ದರು. ಪೆಟ್ಟಿಗೆಯೊಳಗಿನ ಲೇಸರಿನ ಕೆಂಪು ಕಿರಣವನ್ನು ಪಕ್ಕದಿಂದ ಬಗ್ಗಿ ನೋಡಿದರು.

“ಸಾರ್, ಇದು ಮೋಡ ಅಲ್ರಿ, ನಮ್ಮ ಹತ್ತಿ ಎಳೆ. ನಮ್ಮಂಗಡ್ಯಾಗೆ ಬೆಳಿಗ್ಗೆ ಬಿಸ್ಲು ಬಿದ್ರೆ ಹಿಂಗೇ ಮಿಂಚ್ತಾವೆ. ದಿನಾ ಮೂಗ್ನಾಗೆ ಹೊಕ್ಕು ಸೀನಿಸ್ತಾವೆ, ನಂಗೆ ಗುರ್ತು ಸಿಗಲ್ಲೇನ್ರಿ?”

ಗುರುಗಳು ನನ್ನತ್ತ ತಿರುಗಿದರು. ಅಂದು ಯಾರ ದನಿಯೂ ನನ್ನ ನೆರವಿಗೆ ಬರಲಿಲ್ಲ. ನನ್ನದೇ ದನಿಯಲ್ಲಿ ಒಪ್ಪಿಕೊಂಡೆ.

“ಮೊದ್ಲು ಹತ್ತಿ ತೆಗಿಯಪ್ಪ. ಬೈಯೋದು ಮಂಗಳವಾರ ಇಟ್ಕಳ್ಳಾಣ, ಅಲ್ಲೀಗಂಟ ನಂಗೆ ಪುರುಸೊತ್ತಿಲ್ಲ,” ಎಂದರು.

ಪೆಟ್ಟಿಗೆ ತೊಳೆದು, ತೂತಿಗೆ ಸೋಸುವ ಕಾಗದ ಕಟ್ಟಿ, ಭಾನುವಾರ ಮಧ್ಯಾಹ್ನ ಮತ್ತೆ ಮಂಜು ಹುಟ್ಟಿಸಿದೆವು. ಮುಳ್ಳು ನಡುಗಿ, ಇಳಿದು, ಸೊನ್ನೆಯ ಹತ್ತಿರ ನಿಂತಿತು: ಹನಿಗಳು ದುಂಡಗೇ ಇದ್ದವು. ಗುರುಗಳು ನೆಲದ ಮೇಲೆಯೇ ಕುಳಿತು, ಕನ್ನಡಕ ತೆಗೆದು, ವಾರದಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟರು; ಆಮೇಲೆ ನನ್ನ ಡಬ್ಬಿಯಲ್ಲಿದ್ದ ರೊಟ್ಟಿಯನ್ನೆಲ್ಲ ಖಾಲಿ ಮಾಡಿದರು.

ಮಂಗಳವಾರ ಬೈಯಲಿಲ್ಲ. ಪ್ರಬಂಧ ಅಚ್ಚಾಗಿ ಬಂದಾಗ ನೋಡಿದರೆ, ಹತ್ತಿಯ ಪ್ರಮಾದ ‘ಲೇಖಕನ ಅಜಾಗರೂಕತೆ’ ಎಂದಿತ್ತು. ಅದನ್ನು ಕಂಡುಹಿಡಿದವರೆಂದು ಮಕ್ತುಮ್ ಸಾಬರ ಹೆಸರಿತ್ತು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಆ ಅಜಾಗರೂಕತೆ ನನ್ನದೆಂದು ಆರು ವರ್ಷದ ಮೇಲೆ ಅವರ ಈ ಬೀಳ್ಕೊಡುಗೆ ಸಂಚಿಕೆಯಲ್ಲಿ ಅಚ್ಚಾಗುತ್ತಿರುವುದರಿಂದ ನನ್ನ ಎದೆಯೂ ಈಗ ಹಗುರ. ಗುರುಗಳು ನೂರ್ಕಾಲ ಬಾಳಲಿ. ಹರಿಹರದ ತಮ್ಮ ಮಾಳಿಗೆಯ ಮೇಲೆ ನಿಂತು ನಿಜವಾದ ಮೋಡಗಳನ್ನು ಅಳೆಯುತ್ತಿರಲಿ. ಇನ್ನು ಮುಂದಾದರೂ ತಪ್ಪುಗಳನ್ನು, ಮಾಡಿದವರ ಹೆಸರಿಗೇ ಬರೆಯಲಿ.