ಲಗಮಣ್ಣನ ಎರಡು ಮಿಲಿಮೀಟರ್

ಬನಹಟ್ಟಿಯ ಮಗ್ಗ ರಿಪೇರಿಯ ಲಗಮಣ್ಣ ಎಂಥ ಅನುಮಾನದ ಮನುಷ್ಯನೆಂದರೆ, ಅವನ ಮನೆಯ ಹಲ್ಲಿ ಲೊಚಗುಟ್ಟುವ ಮುನ್ನ ಎರಡು ಸಲ ಯೋಚಿಸುತ್ತಿತ್ತು. ಕನ್ನಡಿಯಲ್ಲಿದ್ದವನನ್ನೂ 'ಯಾರಂವಾ?' ಎಂದು ಕೇಳಿಯೇ ಗಡ್ಡ ಹೆರೆದುಕೊಳ್ಳುತ್ತಿದ್ದ.

ಅವನೂ ನಾಲ್ಕೂರಿನ ಕೆಲವರೂ ಸೇರಿ, ಎಳೆ ಹರಿದ ಕೂಡಲೇ ಪವರ್‌ಲೂಮ್ ನಿಲ್ಲಿಸುವ ಸಾಧನವೊಂದನ್ನು ರೂಪಿಸುತ್ತಿದ್ದರು. ನಕ್ಷೆ ಎಲ್ಲರಿಗೂ ಬಿಟ್ಟದ್ದು; ಯಾರಾದರೂ ತಿದ್ದಬಹುದು, ಯಾರಾದರೂ ಮಾಡಿಕೊಳ್ಳಬಹುದು. ತಿದ್ದಿದವರು ವಾಟ್ಸ್ಯಾಪಿಗೆ ಹಾಕುತ್ತಿದ್ದರು. 'ಫೈನಲ್', 'ಖರೇ ಫೈನಲ್', 'ದೇವರಾಣೆ ಫೈನಲ್' ಏರುತ್ತ ಏರುತ್ತ ಗುಂಪಿನ ಬೀಳಗಿಯವರ ಫೋನುಗಳು, ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಅವರ ಹಳ್ಳಿಗಳಂತೆ, ಮುಳುಗಿಹೋದವು. ಕಡೆಗೆ ಸಾಧನ ಕೂರಿಸಲು ಮೂವತ್ತು ಬ್ರ್ಯಾಕೆಟ್ ಕತ್ತರಿಸಿ ತಂದರೆ ಒಂದೂ ಮಗ್ಗಕ್ಕೆ ಕೂರಲಿಲ್ಲ. ತೂತು ಎರಡು ಮಿಲಿಮೀಟರ್ ಸರಿದಿತ್ತು.

"ಮುಧೋಳದ ನಾಮದೇವಂದ ಕೆಲಸ," ಎಂದ ಲಗಮಣ್ಣ. ಗುಂಪಿನಲ್ಲಿದ್ದ ನಾಮದೇವನೂ ಮಗ್ಗ ರಿಪೇರಿಯವನೇ. "ನಕ್ಕೋತ ನಮಸ್ಕಾರ ಮಾಡ್ತಾನಂವ, ನಂಬಬ್ಯಾಡ್ರಿ. ತಪ್ಪು ನಂದಿದ್ರ ಇನ್ನ ಪಾನಾ ಮುಟ್ಟೂದಿಲ್ಲ!" ಎಂದು ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ಆಡಿಸಿದ.

ಜಮಖಂಡಿಯಲ್ಲಿ ಇಂಜಿನಿಯರಿಂಗ್ ಪಾಠ ಹೇಳುವ ಕೇತಕಿ ಒಂದು ಕಟ್ಟುಪಾಡು ಮಾಡಿದಳು: ನಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ ಒಂದೇ ಕಡೆ, ಬದಲಾವಣೆಗೆ ಹೆಸರು, ದಿನ, ಕಾರಣ, ಇನ್ನೊಬ್ಬರು ಅಳೆದು ಒಪ್ಪಬೇಕು, ಆಮೇಲೆ ಅಳಿಸುವಂತಿಲ್ಲ.

"ಅದು ಖರೆ ಬರಕೊಂತೈತೋ, ನೀ ಹೇಳಿದ್ದು ಬರಕೊಂತೈತೋ?" ಎಂದ ಲಗಮಣ್ಣ.

"ಬಾಜೂಕ ಕುಂತ ನೋಡ್ರಿ ಕಾಕಾ."

ಹಳೆಯ ನಕ್ಷೆಗಳನ್ನು ದಿನಾಂಕದ ಪ್ರಕಾರ ಸೇರಿಸಿದರು. ಹನ್ನೊಂದನೆಯ ನಕ್ಷೆಯವರೆಗೂ ತೂತಿನ ಅಳತೆ ನಲವತ್ತು ಮಿಲಿಮೀಟರ್. ಹನ್ನೆರಡನೆಯದರಲ್ಲಿ ನಲವತ್ತೆರಡು. ಕಳಿಸಿದವನು ಲಗಮಣ್ಣ.

"ಮಗ್ಗಕ್ಕ ಹಚ್ಚಿ ಅಳದೀನಿ! ಮೂವತ್ತು ವರ್ಷ ಈ ಪಟ್ಟಿ ತಪ್ಪಿಲ್ಲ."

ಕೇತಕಿ ಅವನ ಉಕ್ಕಿನ ಅಳತೆಪಟ್ಟಿಯನ್ನು ತನ್ನದರ ಪಕ್ಕದಲ್ಲಿಟ್ಟಳು. ಮಗ್ಗದ ಸಂದಿನ ಜಿಡ್ಡನ್ನು ಅದರ ತುದಿಯಿಂದಲೇ ಕೆರೆದು ಕೆರೆದು ಮೊದಲ ಎರಡು ಮಿಲಿಮೀಟರ್ ಸವೆದುಹೋಗಿದ್ದವು; ನಲವತ್ತಿದ್ದದ್ದು ಅದರಲ್ಲಿ ನಲವತ್ತೆರಡೆಂದು ಕಾಣುತ್ತಿತ್ತು. ಅಳೆಯುವುದೂ ಕತ್ತರಿಸುವುದೂ ಅದೇ ಪಟ್ಟಿಯಿಂದ ಆದ್ದರಿಂದ ಅವನ ಕೆಲಸ ಎಂದೂ ತಪ್ಪಿರಲಿಲ್ಲ. ಈ ಸಲ ಕತ್ತರಿಸಿದವರು ಬೇರೆಯವರು.

"ನನ್ನ ಹೆಸರ ಅಳಸವಾ."

"ಅಳಸಾಕ ಬರೂದಿಲ್ರಿ. ತಿದ್ದಾಕ ಬರತೈತಿ."

ಲಗಮಣ್ಣ ಎರಡೂ ಪಟ್ಟಿಗಳನ್ನು ತಿರುಗಿಸಿ ತಿರುಗಿಸಿ ಜೋಡಿಸಿ ನೋಡಿದ. ಅಷ್ಟರಲ್ಲಿ ರಬಕವಿಯಲ್ಲಿ ಒಂದು ಮದುವೆಯ ಸೀರೆಗಳೆಲ್ಲ ನೇಯ್ದು ಮುಗಿದಿರಬೇಕು. ಕಡೆಗೆ ಒಂದೇ ಬೆರಳಲ್ಲಿ ಕುಟ್ಟಿದ: 'ನಲವತ್ತು ಖರೆ. ಕಾರಣ: ನನ್ನ ಪಟ್ಟಿ ಸವದೈತಿ. ಲಗಮಣ್ಣ.' ಒಪ್ಪುವ ಸರದಿ ನಾಮದೇವನದು.

ಅವನ ಫೋನು ಬಂದೇಬಿಟ್ಟಿತು. "ಏನೋ ಲಗಮಣ್ಣಾ, ಪಾನಾ ಕೆಳಗಿಟ್ಟ್ಯೇನು?"

"ಇಡತೇನಿ. ಮೊದಲ ನೀ ಯಾತರಲೆ ಅಳದು ಒಪ್ತಿ ಹೇಳಲೇ."

"ನನ್ನ ಪಟ್ಟೀಲೆ."

"ಅದರ ತುದಿ ನೋಡೀ ಏನು?"

ಮುಧೋಳದಲ್ಲಿ ಹತ್ಯಾರದ ಪೆಟ್ಟಿಗೆ ಬೋರಲಾದ ಸದ್ದು. ಆಮೇಲೆ ಪಟ್ಟಿಗೆ ಇನ್ನೊಂದು ಪಟ್ಟಿ ತಾಗಿಸಿ ನೋಡಿದ ಸದ್ದು.

"ಲಗಮಣ್ಣಾ... ಪಾನಾ ಕೈಯಾಗ ಇರಲಿ ಬಿಡು. ಯಾರಿಗೂ ಹೇಳಬ್ಯಾಡ."

"ನಾ ಯಾಕ ಹೇಳಲಿ? ಕಾರಣ ನೀನ ಬರದು ಹಾಕು."