ಅರೆ ಉಸಿರು ಹಿಂದೆ

ಗಡಿಯಾಚೆ, ಮಲಯಾಳಂ ನಾಡಿನ ಸುಲ್ತಾನ್ ಬತ್ತೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಮದುವೆಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದರು. ಅವರು ಒಂದು ಸಾಲು ಎತ್ತಿದರೆ ಜೊತೆಯ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಅವರ ಗೆಳತಿಯೊಬ್ಬರು ಮಾತ್ರ ಯಾವಾಗಲೂ ಅರೆ ಉಸಿರಿನಷ್ಟು ಹಿಂದೆ. ಎಲೆಯಡಿಕೆಯನ್ನು ದವಡೆಗೆ ಸರಿಸಿಕೊಂಡ ಮೇಲೆಯೇ ಅವರ ದನಿ ಹೊರಡುತ್ತಿತ್ತು. ಅಕ್ಕ ಕೈಯೆತ್ತಿ, "ತಡೀರಿ, ಅವ್ಳೂ ಬರ್ಲಿ" ಎನ್ನುತ್ತಿದ್ದರು. ಅದೂ ಹಾಡಿನ ಭಾಗವೆಂದೇ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ.

ಜೊತೆಗಾರ್ತಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಕೊನೆಗೆ ಆ ಗೆಳತಿಯೂ. ಈಗಿನ ಹುಡುಗಿಯರಿಗೆ ಸೋಬಾನೆಗಿಂತ ಮಲಯಾಳಂ ಪಾಟ್ಟೇ ಸಲೀಸು.

ಹೋದ ವರ್ಷ ಅಕ್ಕ ಫೋನಿನಲ್ಲಿ ಎಐ ಹಾಕಿಸಿಕೊಂಡರು. ಮದುಮಗಳ ಊರು, ತವರು ತಿಳಿಸಿದರೆ ಅದು ಪದ ಕಟ್ಟಿ, ಹಿಮ್ಮೇಳದ ಸಮೇತ ತಾನೇ ಹಾಡುತ್ತಿತ್ತು. ಪದಗಳನ್ನು ಅವರು ಅಲ್ಲಲ್ಲಿ ತಿದ್ದಿಸಿ ಒಪ್ಪಿಕೊಂಡರು. ಹಿಮ್ಮೇಳದ ದನಿಗಳು ಮಾತ್ರ ಒಟ್ಟಿಗೇ ಶುರುವಾಗುತ್ತಿದ್ದವು.

"ಇದು ಶರಿ ಆಗ್ಲಿಲ್ಲ. ಒಬ್ಳು ಹಿಂದೆ ಬೀಳ್ಬೇಕು ಅಂತ ಅದಕ್ಕೆ ಹೇಳು ಮಗ" ಎಂದರು.

ನಾನು ಹಾಗೆಯೇ ಬರೆದು ಕೊಟ್ಟೆ. ಈಗ ಎಲ್ಲ ದನಿಗಳೂ ಒಟ್ಟಿಗೇ ತಡವಾಗಿ ಬಂದವು. ಅಕ್ಕ ನಕ್ಕುಬಿಟ್ಟರು. "ಇವ್ರ್ಯಾರ ಬಾಯಲ್ಲೂ ಎಲೆಯಡಿಕೆ ಇಲ್ಲ."

ಕೇಣಿಚಿರದ ಒಂದು ಮದುವೆಯಲ್ಲಿ ಅವರು ಫೋನನ್ನು ಚಾಪೆಯ ಮೇಲಿಟ್ಟು ಹಾಡು ಹಚ್ಚಿದರು. ಜೀವಮಾನವಿಡೀ ಮೊದಲ ಸಾಲು ಎತ್ತಿದವರು ಅಂದು ಅದನ್ನು ಫೋನಿಗೇ ಬಿಟ್ಟುಕೊಟ್ಟರು. ಹಿಮ್ಮೇಳ ಶುರುವಾದಾಗ, ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿಕೊಂಡು, ಅರೆ ಉಸಿರಿನಷ್ಟು ಹಿಂದೆ ದನಿಗೂಡಿಸಿದರು.

ಅವರ ಸಾಲು ಇನ್ನೂ ಮುಗಿದಿರಲಿಲ್ಲ. ಫೋನು ಮುಂದಿನದನ್ನು ಎತ್ತಿಕೊಂಡಿತು.