ಗಡಿಕಲ್ಲಿನ ಆಚೆ ನೆಟ್ಟ ತೆಂಗು

ನನ್ನ ಹೆಸರು, ಊರು ಯಾವುದನ್ನೂ ಕೇಳುವ ಮೊದಲು ಈ ಸೀಮೆಯವರು ಕೇಳಿದ ಪ್ರಶ್ನೆ ಇದು: "ನಿಮ್ಮನೆ ಬಚ್ಚಲ ನೀರು ಎತ್ಲಾಗ್ ಹೋಯ್ತದೆ?" ಸಾಮಾನು ಇನ್ನೂ ಟೆಂಪೋದಲ್ಲೇ ಇತ್ತು. ಕೇಳಿದವರು ಪಕ್ಕದ ಮನೆಯ ಗಂಗಮ್ಮ. ನಾನು ಕಣ್ಣು ಕಣ್ಣು ಬಿಟ್ಟೆ.

ಗದಗ ಸೀಮೆಯವಳು ನಾನು, ಆರೋಗ್ಯ ಉಪಕೇಂದ್ರದ ನರ್ಸ್. ವರ್ಗವಾಗಿ ಹೊನ್ನವಳ್ಳಿ ಕಡೆಯ ಈ ಹಳ್ಳಿಗೆ ಬಂದು ಒಂಬತ್ತು ವರ್ಷವಾಯಿತು. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸಿಗದೆ, ಅವ್ವನ ಬಂಗಾರ ಮಾರಿ ಊರಂಚಿನ ಈ ಪುಟ್ಟ ಮನೆಯನ್ನೇ ಕೊಂಡೆ. ನಮ್ಮ ಕಡೆ ಬಚ್ಚಲ ನೀರು ಗಟಾರಕ್ಕೆ ಹೋಗುತ್ತದೆ, ಅದರ ಸುದ್ದಿ ಯಾರಿಗೂ ಬೇಡ. ಇಲ್ಲಿ ಅದು ತೆಂಗಿನ ಬುಡಕ್ಕೇ ಹೋಗಬೇಕು. ಹೋಗದಿದ್ದರೆ ಆ ಮನೆಯ ಹೆಂಗಸಿಗೆ ಸಂಸಾರ ಗೊತ್ತಿಲ್ಲವೆಂದೇ ಲೆಕ್ಕ.

ಮೊದಲ ವರ್ಷಗಳು ಬಲು ಬೇಸರದವು. ನನ್ನ "ಹೌದ್ರಿ" ಕೇಳಿದರೆ ಬಾಣಂತಿಯರೂ ನಗುತ್ತಿದ್ದರು. ಎಲ್ಲರ ಮನೆಯ ಅಟ್ಟದಲ್ಲೂ ಕೊಬ್ಬರಿಯಾಗಲು ಕಾಯಿ ತುಂಬಿಟ್ಟಿರುತ್ತಿದ್ದರು, ನನ್ನ ಅಟ್ಟದಲ್ಲಿದ್ದದ್ದು ಒಂದು ಖಾಲಿ ಟ್ರಂಕು. ಅವರಿವರು ಕಾಯಿ ಕೊಡುತ್ತಿದ್ದರು. ತಿರುಗಿ ಕೊಡಲು ನನ್ನ ಹತ್ತಿರ ಗುಳಿಗೆ ಬಿಟ್ಟರೆ ಏನಿತ್ತು? ಊರಿಗೆ ಹೋದರೆ ಅಲ್ಲಿನದು ಇನ್ನೊಂದು ಕಥೆ. "ಏನ್ ಮಾತಾಡ್ತೀಯವ್ವಾ, ಪೂರಾ ಆ ಕಡೆಯಾಕಿನ ಆದಿ ನೀ" ಅಂತ ಅಕ್ಕ ಆಡಿಕೊಳ್ಳುತ್ತಿದ್ದಳು. ಎರಡೂ ಕಡೆ ನೆಂಟಳಾಗಿ ಓಡಾಡಿ ಸಾಕಾಗಿತ್ತು.

ನನ್ನ ಹಿತ್ತಲು ನಾಲ್ಕು ಮಾರು. ಅಲ್ಲೊಂದು ಗಡಿಕಲ್ಲು. ಅದರಾಚೆ ಕಾವಲು, ಅಂದರೆ ದನಗಳ ಮೇವಿಗೆಂದು ಹಿಂದಿನ ಕಾಲದಿಂದ ಬಿಟ್ಟಿರುವ, ಸರ್ಕಾರ ಕಾಯುವ ಹುಲ್ಲುಗಾವಲು. ನನ್ನ ಬಚ್ಚಲ ನೀರು ಇಳಿಜಾರು ಹಿಡಿದು ನೆಟ್ಟಗೆ ಆ ಕಲ್ಲು ದಾಟಿ ನಿಲ್ಲುತ್ತಿತ್ತು. ಗಂಗಮ್ಮ ಒಂದು ದಿನ ತೆಂಗಿನ ಸಸಿ ಹೊತ್ತು ತಂದರು.

"ಅದು ಕಲ್ಲಿನ ಆಚೀಕಡೆ ಐತಲ್ರೀ?" ಅಂದೆ.

"ಕಲ್ಲು ಅದರ ಪಾಡಿಗೆ ಇರ್ತದೆ ಬುಡಿ ನರ್ಸಮ್ಮ. ನೀರ್ ಎಲ್ಲಿ ನಿಲ್ತದೋ ಮರ ಅಲ್ಲೇ. ನಮ್ವೂ ಮೂರವೆ ಅಲ್ಲಿ, ಯಾರ್ ಕೇಳವ್ರೆ?"

ನೆಟ್ಟೆ. ಆಮೇಲೆ ಸಸಿಗೆ ದನ ಬಾಯಿ ಹಾಕದಿರಲಿ ಅಂತ ಮುಳ್ಳಿನ ಬೇಲಿ, ಬೇಲಿಯ ಒಳಗೆ ಜಾಗ ಉಂಟಲ್ಲ ಅಂತ ಒಗೆಯುವ ಕಲ್ಲು, ಅವರೆ ಚಪ್ಪರ. ಬೇಲಿ ಮುಂದಕ್ಕೆ ಸರಿದ ವರ್ಷ ಅಲ್ಲಿ ನೆಲದ ಮೇಲೆ ಮೊಟ್ಟೆಯಿಡುತ್ತಿದ್ದ ಟಿಟ್ಟಿಭ ಹಕ್ಕಿ ಮತ್ತೆ ಬರಲಿಲ್ಲ. ನನಗದು ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನಿದ್ದೆ, ನಾಚಿಕೆಯಾಗುತ್ತದೆ. ಆದರೆ ಈ ವರ್ಷ ಮರ ಮೊದಲ ಫಲ ಕೊಟ್ಟಾಗ ಬೀದಿಯ ಒಂದೊಂದು ಮನೆಗೂ ಎರಡೆರಡು ಕಾಯಿ ಕೊಟ್ಟು ಬಂದೆನಲ್ಲ, ಆ ಸುಖ ನನಗೆ ಈ ಊರಲ್ಲಿ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ.

ಕಳೆದ ವಾರ ಅರಣ್ಯದ ಗಾರ್ಡು ಬಂದ. ಕೈಯಲ್ಲಿ ನಕ್ಷೆ, ಕೆಂಪು ಬಣ್ಣದ ಡಬ್ಬಿ. ಬಿಸಿಲಿಗೆ ಅವನೂ ಸೋತಿದ್ದ. "ಕಾವಲು ರಕ್ಷಿತ ಜಾಗ ಕಣ್ರಮ್ಮ. ಹಿತ್ತಲನ್ನ ಇದರೊಳಕ್ಕೆ ಬೆಳೆಸೋ ಹಂಗಿಲ್ಲ. ಬೇಲಿ, ಚಪ್ಪರ, ಮರ ಯಾವ್ದೂ ಇರಂಗಿಲ್ಲ" ಅಂದ. ಮನೆಮನೆಗೂ ಅದನ್ನೇ ಹೇಳಿ ಅವನ ಗಂಟಲು ಒಣಗಿತ್ತು. ಗಂಗಮ್ಮನ ಮೂರೂ ಮರಕ್ಕೆ ಕಡಿಯಲೆಂದು ಕೆಂಪು ಗುರುತು ಬಿತ್ತು. ಆಮೇಲೆ ನನ್ನ ಮರದ ಹತ್ತಿರ ಬಂದು ಕೇಳಿದ, "ಗೊತ್ತಿದ್ದೇ ನೆಟ್ರಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಗಂಗಮ್ಮ ಅಡ್ಡ ಬಂದರು. "ಅವ್ರು ಈ ಊರೋರಲ್ಲ ಸಾ. ಗದಗಿನ್ ಕಡೆಯೋರು. ಗೊತ್ತಿಲ್ದೆ ನೆಟ್ಟವ್ರೆ, ಬುಟ್ಬುಡಿ."

ಗಾರ್ಡು ನನ್ನ ಮುಖ ನೋಡಿದ. "ಹೌದೇನಮ್ಮ? ಹಂಗಾದ್ರೆ ಬೇಲಿ ಹಿಂದಕ್ಕೆ ಹಾಕ್ಕೊಳ್ಳಿ ಸಾಕು. ಹೊರಗಿನೋರು, ಪಾಪ. ಮರ ನಾನು ನೋಡಿಲ್ಲ."

ಹೌದು ಅಂದಿದ್ದರೆ ಮರ ಉಳಿಯುತ್ತಿತ್ತು. ತನ್ನ ಮೂರು ಕಳೆದುಕೊಂಡ ಹೆಂಗಸು ನನ್ನ ಒಂದನ್ನು ಉಳಿಸಲು ಹೊರಟಿದ್ದರು, ಅದೂ ಅರ್ಧ ನಿಜ ಹೇಳಿ. ನಾನು ಈ ಊರಿನವಳಲ್ಲ. ಆದರೂ ಆ ಮಾತನ್ನು ಗಂಗಮ್ಮನ ಬಾಯಿಂದ ಕೇಳಲು ನನಗೆ ಇಷ್ಟವಿರಲಿಲ್ಲ. ಅವರ ಮರ ಕಡಿದುಳಿದ ಬುಡಗಳ ಪಕ್ಕದಲ್ಲಿ ನನ್ನದೊಂದೇ ನಿಂತಿರುವುದನ್ನು ದಿನಾ ನೋಡಬೇಕಲ್ಲ ಅನ್ನಿಸಿತು. ಆ ಟಿಟ್ಟಿಭವೂ ನೆನಪಿಗೆ ಬಂತು.

"ಇಲ್ರೀ, ಗೊತ್ತಿದ್ದೇ ನೆಟ್ಟೀನಿ. ಕಲ್ಲು ನೋಡೇ ನೆಟ್ಟೀನಿ. ನಾನೂ ಈ ಊರಾಕಿನ."

ಗಾರ್ಡು ನಿಟ್ಟುಸಿರು ಬಿಟ್ಟು ಬ್ರಶ್ಶು ಅದ್ದಿದ. ನಾಡಿದ್ದು ಕಡಿಯುವವರು ಬರುತ್ತಾರೆಂದು ಹೇಳಿ ಹೋದ.

"ತಲೆ ಕೆಟ್ಟೈತೇನ್ರೀ ನಿಮ್ಗೆ?" ಗಂಗಮ್ಮ ರೇಗಿದರು. "ಉಳೀತಿತ್ತಲ್ರೀ ಮರ! ಬಾಯ್ ಮುಚ್ಕೊಂಡಿದ್ರೆ ಗಂಟೇನ್ ಹೋಗ್ತಿತ್ತು?" ಎರಡು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಅಕ್ಕ ಫೋನಿನಲ್ಲಿ, "ಮರಾನೂ ಹೋತು, ಇನ್ಯಾಕ ಅಲ್ಲಿ ಇರ್ತಿ, ವರ್ಗ ಮಾಡಿಸ್ಕೊಂಡು ಬಾ" ಅಂದಳು. ಹೋಗುವ ಆಸೆ ನನಗೇನು ಸತ್ತಿಲ್ಲ. ಆದರೆ ಅಲ್ಲಿಗೆ ಹೋದರೂ ಇಲ್ಲಿಯದೇ ನೆನಪಾಗಿ ಕಾಡುತ್ತದೆಂದು ಈಗ ಗೊತ್ತು.

ಕಡಿಯುವ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಗಂಗಮ್ಮ. ಅತ್ತು ಕಣ್ಣು ಕೆಂಪಗಾಗಿತ್ತು.

"ಏಳಿ ನರ್ಸಮ್ಮ, ಬಂದವ್ರೆ ಅವ್ರು. ಒಬ್ಳೇ ನೋಡಕ್ಕೆ ನನ್ ಕೈಲಾಗಕಿಲ್ಲ. ನಾಕು ಮರ ಕಣ್ರೀ ನಮ್ದು, ನಾಕೂ ಹೋಯ್ತವೆ."